ನೋಡಿ ಬಂದು ಹೇಳುವವನು

ದಸ್ತಗಿರ್ ಸತ್ತದ್ದು ತೊಂಬತ್ತಾರನೇ ಇಸವಿ ನವೆಂಬರ್ ಹನ್ನೆರಡು, ಮಂಗಳವಾರ, ಬೆಳಗಿನ ಏಳು ಗಂಟೆಗೆ. ಎದೆಯಲ್ಲಿ ಕಫ ಕಟ್ಟಿತ್ತು. ವಯಸ್ಸು ಐವತ್ತೆಂಟು.

ಸಂಜೆ ಅಸರ್ ನಮಾಜಿನ ಮೇಲೆ ಮಣ್ಣು ಎಂದು ಮಸೀದಿಯ ಮೈಕಿನಲ್ಲಿ ಹೇಳಿದರು. ಹಿಂದೂಪುರದಿಂದ ಅವನ ಅಣ್ಣ ಬರುವುದು ತಡವಾಗಬಹುದೆಂದು ಹಾಗೆ ಹೇಳಿದ್ದು. ಅಣ್ಣ ರೈಲಿಗೆ ಕಾಯದೆ ಯಾವುದೋ ಲಾರಿ ಹತ್ತಿ ಹನ್ನೆರಡಕ್ಕೇ ಬಂದುಬಿಟ್ಟ. ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಹೊತ್ತುಕೊಂಡು ಹೋದರು. ಸಮಯ ಬದಲಾಗಿದೆ, ಇನ್ನೊಂದು ಸಲ ಮೈಕು ಹಿಡಿಯಬೇಕು ಎಂದು ಒಬ್ಬರಿಗೂ ತೋಚಲಿಲ್ಲ. ಇಪ್ಪತ್ತು ವರ್ಷದಿಂದ ಅವನ ಜೊತೆ ಟೀ ಕುಡಿದಿದ್ದ ನರಸಿಂಹಪ್ಪ ನಾಲ್ಕೂವರೆಗೆ ಹೂವಿನ ಹಾರ ಹಿಡಿದು ಖಬರಸ್ತಾನಕ್ಕೆ ಹೋದಾಗ ಅಲ್ಲಿದ್ದದ್ದು ಹಸಿಮಣ್ಣಿನ ದಿಬ್ಬ, ಅದರ ಮೇಲೆ ನೆಟ್ಟ ಒಂದು ಕೊಂಬೆ. ಅವನಂತೆಯೇ ಹೊತ್ತು ನಂಬಿ ಬಂದಿದ್ದ ಆರೇಳು ಜನ ಕಾಂಪೌಂಡಿನ ಹತ್ತಿರ ನಿಂತಿದ್ದರು. ಯಾರೂ ಯಾರನ್ನೂ ಬೈಯಲಿಲ್ಲ. ಬೈಯುವುದಕ್ಕೆ ಹಕ್ಕಿದ್ದ ಮನುಷ್ಯ ಮಣ್ಣಿನ ಕೆಳಗಿದ್ದ. ಊರಿಗೆ ಹೊತ್ತು ಸಾರುವುದೇ ಅವನ ಕಸುಬಾಗಿತ್ತು. ಕಣ್ಣಾರೆ ನೋಡದೆ ಒಂದು ಮಾತು ಸಾರಿದವನಲ್ಲ. ಒಂದೇ ಒಂದು ಸಲ ನೋಡದೆ ಹೇಳಿದ್ದ.

ಹುಟ್ಟಿದ್ದು ಗೌರಿಬಿದನೂರು. ತಂದೆ ರೈಲ್ವೆ ಸ್ಟೇಷನ್ನಿನ ಹೊರಗೆ ಜಟಕಾ ಹೊಡೆಯುತ್ತಿದ್ದರು. ಯಾವ ಗಾಡಿ ಎಷ್ಟು ತಡ ಎಂದು ಜನ ಸ್ಟೇಷನ್ ಮಾಸ್ತರರನ್ನು ಕೇಳುವ ಬದಲು ಅವರನ್ನು ಕೇಳುತ್ತಿದ್ದರಂತೆ. ಮಗನಿಗೂ ಆ ಜಟಕಾ ಬಂತು, ಆ ಚಾಳಿಯೂ ಬಂತು. ಮದುವೆಯಾದ ಮೇಲೆ ಹೆಂಡತಿ ಹಮೀದಾ ಬೇಗಂಳ ತವರಾದ ಈ ಊರಿಗೆ ಬಂದು ನೆಲೆಸಿದ. ಜಟಕಾದ ಮೇಲೆ ಎರಡು ಕಹಳೆ ಸ್ಪೀಕರು, ಒಳಗೆ ಲಾರಿಯ ಬ್ಯಾಟರಿ, ಕೈಯಲ್ಲಿ ಕರವಸ್ತ್ರ ಸುತ್ತಿದ ಮೈಕು. ಟಾಕೀಸಿನವರು ಚಿತ್ರ ಬದಲಾಯಿಸಿದರೆ ಅವನು. ಮುನ್ಸಿಪಾಲ್ಟಿಯವರು ನಲ್ಲಿ ನಿಲ್ಲಿಸಿದರೆ ಅವನು. ಪೋಲಿಯೋ ಹನಿಗೆ ಅವನು, ಕಂದಾಯದ ಕೊನೇ ದಿನಕ್ಕೆ ಅವನು. ಕೋಟೆ ಬೀದಿಯಲ್ಲಿ ಕನ್ನಡ, ಬಳೇಪೇಟೆಯಲ್ಲಿ ತೆಲುಗು, ಮಸೀದಿ ಮೊಹಲ್ಲಾದಲ್ಲಿ ಉರ್ದು. ‘ರೇಪು ನೀಳ್ಳು ರಾವು’ ಎಂದು ಅವನು ಹೇಳಿದರೆ ಹೆಂಗಸರು ಅವತ್ತು ಸಂಜೆಯೇ ಕೊಡ ತುಂಬಿಟ್ಟುಕೊಳ್ಳುತ್ತಿದ್ದರು. ಮಾರನೇ ದಿನ ನೀರು ಬರುತ್ತಲೂ ಇರಲಿಲ್ಲ. ಏಕೆಂದರೆ ಸಾರುವ ಮೊದಲು ಸೈಕಲ್ ತುಳಿದು ನೀರಿನ ಟ್ಯಾಂಕಿನ ತನಕ ಹೋಗಿ, ಪಂಪ್ ಬಿಚ್ಚಿಟ್ಟಿರುವುದನ್ನು ನೋಡಿಕೊಂಡು ಬಂದಿರುತ್ತಿದ್ದ.

ನರಸಿಂಹಪ್ಪ ಮುನ್ಸಿಪಾಲ್ಟಿಯಲ್ಲಿ ಗುಮಾಸ್ತ. ಸಾರಬೇಕಾದ್ದನ್ನು ಚೀಟಿ ಬರೆದು ಕೊಡುವುದು ಅವನ ಕೆಲಸ. ಚೀಟಿ ಕೈಗೆ ಬಂದ ಕೂಡಲೇ ದಸ್ತಗಿರ್ ಒಂದೇ ಪ್ರಶ್ನೆ ಕೇಳುತ್ತಿದ್ದ.

“ನೀನು ನೋಡಿದ್ಯೇನಪ್ಪ?”

“ನಾನ್ಯಾಕೆ ನೋಡ್ಲಿ ಮಾರಾಯ? ಫೈಲ್‌ನಲ್ಲಿ ಇದೆಯಲ್ಲ.”

“ಫೈಲ್‌ನಲ್ಲಿ ನೀನು ಆರಡಿ ಇದೀಯ ಅಂತ ಬರೆದ್ರೆ ನಿನ್ನ ಹೆಂಡ್ತಿ ಒಪ್ತಾಳಾ?”

ಐದಡಿ ದಾಟದ ನರಸಿಂಹಪ್ಪ ನಗುತ್ತಿದ್ದ. ದಸ್ತಗಿರ್ ನೋಡಲು ಹೋಗುತ್ತಿದ್ದ.

ಎಂಬತ್ತೇಳರಲ್ಲಿ ಊರಿಗೆ ಸ್ಕೇಟಿಂಗ್ ರಿಂಕು ಬಂತು. ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದ ಚೀಫ್ ಆಫೀಸರರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಕಾಲಿಗೆ ಗಾಲಿ ಕಟ್ಟಿ ಓಡುವವರು. ಯಾವ ಗ್ರಾಂಟನ್ನು ಎಲ್ಲಿಂದ ಎಳೆದು ತಂದರೋ, ಮುನ್ಸಿಪಲ್ ಪಾರ್ಕಿನ ಹಿಂಭಾಗದಲ್ಲಿ ಕನ್ನಡಿಯಂಥ ಸಿಮೆಂಟ್ ನೆಲ ಎದ್ದಿತು. ಸುತ್ತ ಕಬ್ಬಿಣದ ಪೈಪು, ಒಂದು ಗೇಟು, ಬೀರುವಿನಲ್ಲಿ ಮೂವತ್ತು ಜೊತೆ ಗಾಲಿ. ಭಾನುವಾರ, ಗುರುವಾರ ಸಂಜೆ ನಾಲ್ಕರಿಂದ ಆರು. ಮೊದಲ ವಾರ ಊರಿಗೆ ಊರೇ ಪೈಪಿಗೆ ಆತುಕೊಂಡು ನಿಂತಿತು. ಆಮೇಲೆ ಮಕ್ಕಳು ಕಲಿತವು. ಶಿಡ್ಲಘಟ್ಟದಿಂದ ರೇಷ್ಮೆ ವ್ಯಾಪಾರದವರ ಮಕ್ಕಳು ಬಂದವು. ಕೈವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶ್ಯಾಮಲಮ್ಮ ಟೀಚರ್ ಹತ್ತು ವರ್ಷದ ಮಗಳನ್ನು ಪ್ರತಿ ಭಾನುವಾರ ಬಸ್ಸಿನಲ್ಲಿ ಕರೆತರುತ್ತಿದ್ದರು. ಆ ಹುಡುಗಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಒಂದೇ ಕಾಲಿನ ಮೇಲೆ ಅರ್ಧ ಸುತ್ತು ಹೋಗುತ್ತಿದ್ದಳು. ದಸ್ತಗಿರ್ ಜಟಕಾ ನಿಲ್ಲಿಸಿ ಅವಳನ್ನು ನೋಡುತ್ತಿದ್ದ.

ಆದರೆ ನೆಲ ನುಣ್ಣಗಿತ್ತು, ಅಗಲವಾಗಿತ್ತು, ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ನಮ್ಮ ಕಡೆಯ ರೈತ ಅಂಥ ನೆಲ ಕಂಡರೆ ಅದನ್ನು ಕಣ ಎನ್ನುತ್ತಾನೆ, ಬೇರೆ ಹೆಸರು ಅವನ ಬಾಯಿಗೆ ಬರುವುದಿಲ್ಲ. ಟಾರು ರಸ್ತೆಗೇ ರಾಗಿ ಹರವಿ ಬಸ್ಸಿನ ಚಕ್ರದಿಂದ ಒಕ್ಕಿಸಿಕೊಳ್ಳುವ ಜನ. ಎಂಬತ್ತೊಂಬತ್ತರಲ್ಲಿ ಚೀಫ್ ಆಫೀಸರರಿಗೆ ವರ್ಗವಾಯಿತು. ಅದೇ ಡಿಸೆಂಬರಿನಲ್ಲಿ ಪಾರ್ಕಿನ ಹಿಂದಿನ ಹೊಲದ ಒಡೆಯ, ಮುನ್ಸಿಪಾಲ್ಟಿ ಮೆಂಬರ್ ಮುನಿವೆಂಕಟಪ್ಪ, ರಾಗಿ ತೆನೆಯನ್ನು ರಿಂಕಿನ ಮೇಲೆ ಹರಡಿ ಎತ್ತು ಕಟ್ಟಿ ರೋಣಗಲ್ಲು ಹೊಡೆಸಿದ. ರಾಶಿ ಮಾಡಿ, ಮೇಲೆ ಸಗಣಿಯ ಬೆನಕನನ್ನಿಟ್ಟು, ಗರಿಕೆ ಸಿಕ್ಕಿಸಿ ಪೂಜೆ ಮಾಡಿದ. ಕದ್ದು ಮಾಡಿದ್ದಲ್ಲ. ಊರಿನವರು ದಾರಿಯಲ್ಲಿ ನಿಂತು, ಕಣ ಚೆನ್ನಾಗಿದೆ ಎಂದು ಹೋದರು.

ಸಂಕ್ರಾಂತಿಯ ಮೇಲಿನ ಶನಿವಾರ ನರಸಿಂಹಪ್ಪ ಚೀಟಿ ಬರೆದ: ನಾಳೆ ಭಾನುವಾರ ಸಂಜೆ ನಾಲ್ಕಕ್ಕೆ ರಿಂಕು ಎಂದಿನಂತೆ ತೆರೆದಿರುತ್ತದೆ. ಹೊಸ ಆಫೀಸರರು ಹೇಳಿದ್ದರು, ಇವನು ಬರೆದ. ಅವತ್ತು ಟಾಕೀಸಿನಲ್ಲೂ ಚಿತ್ರ ಬದಲಾವಣೆ. ದಸ್ತಗಿರ್ ಬೆಳಗಿನಿಂದ ನಾಲ್ಕು ಸುತ್ತು ಹೊಡೆದಿದ್ದ, ಕುದುರೆ ಸೋತಿತ್ತು.

“ರಾಗಿ ಎತ್ತಿದ್ರಾ?” ಎಂದು ಕೇಳಿದ.

“ಎತ್ತಾಯ್ತಂತೆ. ವಾಚ್‌ಮನ್ ರಾಮಾಂಜಿನಪ್ಪ ಗುಡಿಸೂ ಬಿಟ್ಟವ್ನೆ.”

“ನೀನು ನೋಡಿದ್ಯಾ?”

“ನಾನು ಬರ್ದಿದೀನಲ್ಲಯ್ಯ, ಸಾಲ್ದಾ?”

ದಸ್ತಗಿರ್ ಚೀಟಿಯನ್ನೂ ಗೆಳೆಯನ ಮುಖವನ್ನೂ ನೋಡಿದ. ಸಾಕು ಎಂದುಕೊಂಡ. ಸಂತೆಗೆಂದು ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಶ್ಯಾಮಲಮ್ಮ ಟೀಚರ್‌ಗೆ ಕೇಳುವ ಹಾಗೆ ಸಾರಿದ.

ರಾಮಾಂಜಿನಪ್ಪ ಗುಡಿಸಿದ್ದು ನಿಜ. ಕಡ್ಡಿಪೊರಕೆ ಹಿಡಿದು ಮೂಲೆ ಮೂಲೆ ಗುಡಿಸಿದ್ದ. ಗುಡಿಸಿ ಮುಗಿದ ಮೇಲೆ ಒಂದು ಬೊಗಸೆ ರಾಗಿಯನ್ನು ಮತ್ತೆ ನೆಲದ ಮೇಲೆ ಎರಚಿದ್ದ. ರಾಶಿ ಎತ್ತಿದ ಕಣವನ್ನು ಬರಿದು ಬಿಡಬಾರದು, ಭೂಮ್ತಾಯಿಗೂ ಹಕ್ಕಿಗೂ ಒಂದು ಹಿಡಿ ಉಳಿಸಬೇಕು. ಅವನ ಅಪ್ಪ ಮಾಡಿದ್ದು, ತಾತ ಮಾಡಿದ್ದು. ಕೆಟ್ಟದ್ದು ಮಾಡುತ್ತಿದ್ದೇನೆ ಎಂದು ಅವನಿಗೆ ಎಲ್ಲಿಂದ ಹೊಳೆಯಬೇಕು? ಸಿಮೆಂಟಿನ ಬಣ್ಣದ ಮೇಲೆ ರಾಗಿ ಕಾಣುವುದೂ ಇಲ್ಲ. ಭಾನುವಾರ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಂದ ಹುಡುಗಿಯ ಗಾಲಿ ಆ ಕಾಳಿನ ಮೇಲೆ ಜಾರಿದಾಗ ಅವಳಿಗೆ ಕೈ ಊರಿಕೊಳ್ಳಲು ಹೊತ್ತು ಸಿಗಲಿಲ್ಲ. ಮೊಣಕೈ ಎರಡು ಕಡೆ ಮುರಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೂಡಿಸಿದರು. ಕೂಡಿತು, ಆದರೆ ಆ ಕೈ ಮತ್ತೆ ನೇರವಾಗಲಿಲ್ಲ.

ತಿಂಗಳ ಮೇಲೆ ಶ್ಯಾಮಲಮ್ಮ ಟೀಚರ್ ಬಸ್ ಸ್ಟ್ಯಾಂಡಿನಲ್ಲಿ ಜಟಕಾದ ಮುಂದೆ ಬಂದು ನಿಂತರು. ದನಿ ಎತ್ತಲಿಲ್ಲ.

“ಚೀಟಿ ಯಾರು ಬರೆದ್ರೋ, ರಾಗಿ ಯಾರು ಚೆಲ್ಲಿದ್ರೋ ನನಗೆ ಗೊತ್ತಿಲ್ಲ ಸಾಹೇಬ್ರೇ. ನಾನು ನಿಮ್ಮ ದನಿ ನಂಬ್ಕೊಂಡು ಬಸ್ ಹತ್ತಿದ್ದು.”

ಅಷ್ಟು ಹೇಳಿ ಹೋದರು. ಮುನ್ಸಿಪಾಲ್ಟಿಯ ಫೈಲಿನಲ್ಲಿ, ರಿಂಕು ಸುಸ್ಥಿತಿಯಲ್ಲಿತ್ತು, ಮಗು ಅಜಾಗರೂಕತೆಯಿಂದ ಬಿದ್ದಿದೆ ಎಂದು ಸೇರಿತು. ಅದನ್ನು ಬರೆದವನೂ ನರಸಿಂಹಪ್ಪನೇ.

ದಸ್ತಗಿರ್ ಗೆಳೆಯನ ಮೇಲೆ ಕೂಗಾಡಲಿಲ್ಲ. ಎಂದಿನಂತೆ ಟೀ ಕುಡಿದ. ಆದರೆ ಅವತ್ತಿನಿಂದ ರಿಂಕು ತೆಗೆಯುವ ದಿನವೆಲ್ಲ ಪಾರ್ಕಿಗೆ ಹೋಗುವುದಕ್ಕೆ ಶುರು ಮಾಡಿದ. ಪೈಪು ದಾಟಿ, ಚಪ್ಪಲಿ ಬಿಟ್ಟು, ಮೊಣಕಾಲೂರಿ ಅಂಗೈಯಿಂದ ನೆಲ ಸವರುತ್ತಿದ್ದ. ನಡುಮಧ್ಯದಿಂದ ನಾಲ್ಕೂ ಮೂಲೆಯವರೆಗೆ. ನೋಡಿದವರು ಸಾಬರು ಪಾರ್ಕಿನಲ್ಲೇ ನಮಾಜು ಶುರುಮಾಡಿದರು ಎಂದು ನಕ್ಕರು. ನಗಲಿ ಎಂದ. ನೋಡಿ ಬಂದು, ಇವತ್ತು ನೆಲ ಚೊಕ್ಕಟವಾಗಿದೆ, ಹತ್ತು ಗಂಟೆಗೆ ನೋಡಿದೆ ಎಂದು ಸಾರುತ್ತಿದ್ದ. ನೋಡಿದ ಹೊತ್ತನ್ನೂ ಸೇರಿಸಿ ಹೇಳುವುದು ಆಗ ಹತ್ತಿದ ಅಭ್ಯಾಸ.

ಆ ವರ್ಷದ ಡಿಸೆಂಬರಿನಲ್ಲಿ ಮುನಿವೆಂಕಟಪ್ಪನ ರಾಗಿ ಮತ್ತೆ ರಿಂಕಿಗೆ ಬಂತು. ಚೀಟಿ ಮಾತ್ರ ಎಂದಿನಂತೆ ‘ತೆರೆದಿರುತ್ತದೆ’ ಎಂದಿತು. ಗ್ರಾಂಟು ನಿಲ್ಲಬಾರದೆಂದರೆ ರಿಂಕು ನಡೆಯುತ್ತಿದೆ ಎಂದು ಮೇಲಿನವರಿಗೆ ಬರೆಯಬೇಕು, ಬರೆದದ್ದಕ್ಕೆ ಹೊಂದುವ ಹಾಗೆ ಸಾರಬೇಕು. ದಸ್ತಗಿರ್ ಜಟಕಾ ಹತ್ತಿ ಮೈಕಿನ ಗುಂಡಿ ಒತ್ತಿದ.

“ಮಹಾಜನಗಳೇ, ತಾಯಂದಿರೇ. ಇವತ್ತು ನಾಲ್ಕಕ್ಕೆ ರಿಂಕು ತೆಗೆಯುತ್ತದೆ ಅಂತ ಮುನ್ಸಿಪಾಲ್ಟಿ ಚೀಟಿ ಕೊಟ್ಟಿದೆ. ನಾನು ಒಂಬತ್ತೂವರೆಗೆ ನೋಡಿ ಬಂದೆ. ಬೀಗ ಹಾಕಿದೆ. ಒಳಗೆ ಆಳೆತ್ತರ ರಾಗಿ ರಾಶಿ ಇದೆ. ಮಕ್ಕಳನ್ನು ಕರ್ಕೊಂಡು ಬರಬೇಡಿ.”

ಅದನ್ನೇ ತೆಲುಗಿನಲ್ಲಿ, ಅದನ್ನೇ ಉರ್ದುವಿನಲ್ಲಿ. ಆವತ್ತು ಬೀದಿಬೀದಿಯಲ್ಲಿ ಜನ ನಕ್ಕರು, ಭೇಷ್ ಅಂದರು.

ಮೂರನೇ ದಿನ ಮುನಿವೆಂಕಟಪ್ಪ ಅವನನ್ನು ಮುನ್ಸಿಪಾಲ್ಟಿಯ ಜಗಲಿಗೆ ಕರೆಸಿದ. ನರಸಿಂಹಪ್ಪ ಕಿಟಕಿಯ ಒಳಗೆ ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದ.

“ಏನಪ್ಪಾ ದಸ್ತಗಿರಿ, ನನ್ನ ರಾಶಿನ ಮೂರು ಭಾಷೇಲಿ ಸಾರಿದೆಯಂತೆ?”

“ನಿಮ್ಮ ಹೆಸರು ಎತ್ತಿಲ್ಲ ಸ್ವಾಮಿ.”

“ಹೆಸರು ಎತ್ತಿದ್ರೆ ನಾನು ಬೇಜಾರು ಮಾಡ್ಕೊಂತಿರ್ಲಿಲ್ಲ ಕಣಪ್ಪ. ಮುನ್ಸಿಪಾಲ್ಟಿ ಜಾಗದಲ್ಲಿ ಹಾಕ್ದ ಅಂತ ಬೈ, ಬೈಸ್ಕೊಂತೀನಿ. ಆಳೆತ್ತರ ಅಂದೆಯಲ್ಲ? ರಾಶಿ ಅಳೆಯೋಕೆ ಮುಂಚೆ ಅದರ ಮಾತು ಆಡ್ತಾರಾ ಯಾರಾದ್ರೂ? ನಮ್ಮಪ್ಪ ಕಣದಾಗೆ ಹೆಂಡ್ತಿನೂ ಹೆಸರು ಹಿಡ್ದು ಕರೀತಿರ್ಲಿಲ್ಲ. ನೀನು ಊರ ಕಣ್ಣೆಲ್ಲಾ ತಂದು ಅದರ ಮೇಲೆ ಹಾಕ್ದೆ.”

ಅದು ದಸ್ತಗಿರ್‌ಗೆ ಗೊತ್ತಿಲ್ಲದ ಮಾತಲ್ಲ. ಅವನ ತಾಯಿಯೂ ಅಕ್ಕಿ ಅಳೆಯುವಾಗ ಬಾಯಿ ಬಿಡುತ್ತಿರಲಿಲ್ಲ, ಬರಕತ್ತು ಹೋಗುತ್ತದೆ ಎಂದು. ಆಳೆತ್ತರ ಎನ್ನುವ ಮಾತು ಬೇಕಿರಲಿಲ್ಲ ಎಂದು ಆ ಕ್ಷಣಕ್ಕೆ ಅವನಿಗೂ ಅನ್ನಿಸಿತು.

“ಕಣದಲ್ಲಿ ಮಾತಾಡಬಾರದು, ನಿಜ ಸ್ವಾಮಿ,” ಎಂದ. “ಅದು ಕಣ ಆಗಿದ್ರೆ.”

“ಓಹೋ. ಇನ್ನೇನಯ್ಯಾ ಅದು?”

“ಮಕ್ಕಳು ಆಡೋ ಜಾಗ. ಒಂದು ಮಗು ಕೈ ಹೋಗಿದೆ ಅಲ್ಲಿ. ನಾನು ಕರೆದಿದ್ದಕ್ಕೆ ಬಂದ ಮಗು.”

“ಆ ಮಗು ಬಿದ್ದಿದ್ದು ಅದರ ಹಣೆಬರಹ. ನನ್ನ ರಾಶಿ ಇಳಿದ್ರೆ ಅದು ನಿನ್ನ ಬಾಯಿ.”

ರಾಶಿ ಇಳಿಯಿತು. ಮಳೆ ಹಿಂದುಮುಂದಾದ ವರ್ಷ, ಎಲ್ಲರ ರಾಗಿಯೂ ಜೊಳ್ಳು. ಆದರೆ ಮೈಕಿನಲ್ಲಿ ಸಾರಿಸಿಕೊಂಡ ರಾಶಿ ಒಂದೇ. ಭೇಷ್ ಅಂದಿದ್ದ ಬೀದಿಗಳಲ್ಲೇ ಮಾತು ತಿರುಗಿತು. ಆ ಬಾಯಿಗೆ ಬಿದ್ದದ್ದು ಕೂಡಿ ಬರುವುದಿಲ್ಲ ಎಂದರು. ರೇಷ್ಮೆಗೂಡಿನ ವ್ಯಾಪಾರಿಗಳು ಅಂಗಡಿ ಪೂಜೆ ಸಾರುವುದಕ್ಕೆ ಬೇರೆಯವರನ್ನು ಕರೆದರು. ಹೊಸ ಚಿತ್ರಕ್ಕೆ ಅವನ ದನಿ ಬೇಡ ಎಂದು ಟಾಕೀಸಿನವರು ಸಂಕೋಚದಿಂದಲೇ ಹೇಳಿ ಕಳಿಸಿದರು. ಅವನ ಮೊಹಲ್ಲಾದಲ್ಲೂ ಮದುವೆಯ ಮನೆಯವರು ಅವನು ಬಂದಾಗ ಬಟ್ಟೆಯ ಗಂಟು ಒಳಗೆ ಸರಿಸತೊಡಗಿದರು. ಹಮೀದಾ ಬೇಗಂ ಮಾತ್ರ ಗಂಡನ ಮುಂದೆಯೇ ಅಕ್ಕಿ ಅಳೆದು, ಎಷ್ಟು ಸೇರು ಎಂದು ಗಟ್ಟಿಯಾಗಿ ಹೇಳಿ ಒಲೆ ಹಚ್ಚುತ್ತಿದ್ದಳು.

ತೊಂಬತ್ತೊಂದರ ಏಪ್ರಿಲ್‌ನಲ್ಲಿ ಮುನ್ಸಿಪಾಲ್ಟಿಯ ಕೆಲಸ ವೆಂಕಟೇಶನಿಗೆ ಹೋಯಿತು. ಅವನದು ಆಟೋ, ಅದರಲ್ಲಿ ಟೇಪ್ ರೆಕಾರ್ಡರು. ಬೆಂಗಳೂರಿನಲ್ಲಿ ಯಾರಿಂದಲೋ ಒಂದು ಕ್ಯಾಸೆಟ್ ಮಾಡಿಸಿಕೊಂಡು ಬಂದಿದ್ದ. ಹೆಣ್ಣು ದನಿ, ಹಿಂದೆ ಕೊಳಲು. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ನಿಮ್ಮ ಮಕ್ಕಳ ಆನಂದಕ್ಕಾಗಿ ಸ್ಕೇಟಿಂಗ್ ರಿಂಕ್ ತೆರೆದಿರುತ್ತದೆ. ಅದೇ ವರ್ಷ ಬೀರುವಿನಲ್ಲಿದ್ದ ಗಾಲಿಗಳಿಗೆ ತುಕ್ಕು ಹಿಡಿಯಿತು. ಕ್ಯಾಸೆಟ್ ನಿಲ್ಲಲಿಲ್ಲ. ತೊಂಬತ್ಮೂರರಲ್ಲಿ ರಾಗಿಯ ಜೊತೆ ಹುಣಸೆಹಣ್ಣೂ ಬಂತು, ನೆಲಗಡಲೆಯೂ ಬಂತು; ಕ್ಯಾಸೆಟ್ ಪ್ರತಿ ಭಾನುವಾರ ಓಡಿತು. ಅದು ಸುಳ್ಳು ಎಂದು ಒಬ್ಬರೂ ದೂರು ಕೊಡಲಿಲ್ಲ. ಅದನ್ನು ನಂಬಿ ಬರುವವರು ಯಾರೂ ಉಳಿದಿರಲಿಲ್ಲ, ಅಷ್ಟೆ. ಈ ಊರಿನಲ್ಲಿ ಯಾರೂ ನಂಬದ ಸುಳ್ಳಿಗೆ ಜಾಗವಿತ್ತು, ನಂಬಿ ಕೇಳುತ್ತಿದ್ದ ನಿಜಕ್ಕೆ ಇರಲಿಲ್ಲ.

ದಸ್ತಗಿರ್ ಕುದುರೆ ಮಾರಿ, ಸೈಕಲ್ ರಿಪೇರಿಯ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುವುದಕ್ಕೆ ಕೂತ. ಎದ್ದ ಕೂಡಲೇ ಪಾರ್ಕಿನ ಕಡೆ ಒಂದು ಸುತ್ತು ಹೋಗಿ ಬರುವುದು ಮಾತ್ರ ಬಿಡಲಿಲ್ಲ. ಯಾರೂ ಕೇಳದಿದ್ದರೂ ನೋಡಿಕೊಂಡು ಬರುತ್ತಿದ್ದ. ಕೇಳುವವರು ಆಮೇಲೆ ಹುಟ್ಟಿಕೊಂಡರು. ಕೋನಪ್ಪನ ಟೀ ಅಂಗಡಿಯ ಬೆಂಚಿನಲ್ಲಿ ಅದು ದಿನದ ತಮಾಷೆಯಾಯಿತು.

“ಏನ್ ದಸ್ತಗಿರಣ್ಣ, ರಿಂಕು ತೆಗ್ದವ್ರಾ?”

ಕೇಳಿದವರಿಗೆ ಕಾಲಿಗೆ ಗಾಲಿ ಕಟ್ಟುವ ವಯಸ್ಸು ಕಳೆದು ಎಷ್ಟೋ ಕಾಲವಾಗಿರುತ್ತಿತ್ತು. ಅವನು ಟೀ ಲೋಟ ಕೆಳಗಿಟ್ಟು ಉತ್ತರ ಹೇಳುತ್ತಿದ್ದ. “ಇಲ್ಲಪ್ಪ. ಏಳಕ್ಕೆ ನೋಡ್ದೆ. ಬೀಗ ಇದೆ. ಮೂಡಲ ಕಡೆ ಸಿಮೆಂಟು ಕಿತ್ತಿದೆ.” ಬೆಂಚು ನಗುತ್ತಿತ್ತು. ಮಾರನೇ ದಿನ ಮತ್ತೆ ಕೇಳುತ್ತಿದ್ದರು. ಅವನು ಮತ್ತೆ ಹೇಳುತ್ತಿದ್ದ, ಒಂದು ದಿನವೂ ಸಿಟ್ಟಾಗದೆ.

ನರಸಿಂಹಪ್ಪನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಒಮ್ಮೆ ಹಾದಿಯಲ್ಲಿ ತಡೆದು ಹೇಳಿದ.

“ಗೇಲಿ ಮಾಡ್ತಾರೆ ಕಣೋ. ಗೊತ್ತಾಗಲ್ವಾ ನಿನಗೆ? ಯಾಕೆ ಉತ್ತರ ಕೊಡ್ತೀಯ?”

“ಗೊತ್ತಾಗತ್ತೆ.”

“ಮತ್ತೆ?”

“ಹತ್ತು ಜನ ಗೇಲಿಗೆ ಕೇಳ್ತಾರೆ. ಹನ್ನೊಂದನೆಯವರು ಮಗು ಕರ್ಕೊಂಡು ಬಂದಿದ್ರೆ? ನನಗೆ ಹೆಂಗೆ ಗೊತ್ತಾಗಬೇಕು ನರಸಿಂಹಪ್ಪ, ಯಾರು ಯಾತಕ್ಕೆ ಕೇಳ್ತಾರೆ ಅಂತ?”

ಆ ಚೀಟಿಯನ್ನು ನೋಡದೆ ಬರೆದದ್ದು ತನ್ನ ತಪ್ಪು ಎಂದು ನರಸಿಂಹಪ್ಪ ಅವತ್ತಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಇಬ್ಬರೂ ತರಕಾರಿಯ ಬೆಲೆ ಮಾತಾಡಿಕೊಂಡು ಮನೆಗೆ ಹೋದರು.

ತೊಂಬತ್ತಾರರ ನವೆಂಬರಿನಲ್ಲಿ ಸೈಕ್ಲೋನಿನ ಜಿನುಗು ಮಳೆ ಹಿಡಿಯಿತು. ದಸ್ತಗಿರ್‌ಗೆ ಹತ್ತು ದಿನದಿಂದ ಕೆಮ್ಮು, ಮೈಯಲ್ಲಿ ಜ್ವರ. ಹನ್ನೊಂದನೇ ತಾರೀಖು, ಸೋಮವಾರ ಬೆಳಿಗ್ಗೆ ಹಮೀದಾ ಅವನ ಚಪ್ಪಲಿಯನ್ನೇ ಬಚ್ಚಿಟ್ಟಳು. ಹಾಗಾಗಿ ಅವತ್ತು ಪಾರ್ಕಿನ ಸುತ್ತು ತಪ್ಪಿತು. ಮಧ್ಯಾಹ್ನ ಎರಡರ ಮೇಲೆ ಮಾತ್ರೆ ತರುತ್ತೇನೆಂದು ಎದ್ದು ಬಂದು, ಕೋನಪ್ಪನ ಅಂಗಡಿಯಲ್ಲಿ ಶುಂಠಿ ಟೀ ಹೇಳಿ ಕೂತ. ಬೆಂಚಿನಲ್ಲಿ ವೆಂಕಟೇಶನೂ ಅವನ ಇಬ್ಬರು ಸಂಗಡಿಗರೂ ಇದ್ದರು.

“ದಸ್ತಗಿರಣ್ಣ, ಇವತ್ತು ರಿಂಕು ತೆಗ್ದವ್ರಾ?”

ದಸ್ತಗಿರ್ ಲೋಟ ಕೆಳಗಿಟ್ಟ.

“ಇವತ್ತು ನೋಡಿಲ್ಲಪ್ಪ.”

“ಅಯ್ಯೋ, ನೀನೇ ನೋಡ್ದಿದ್ರೆ ಊರ ಗತಿ ಏನಣ್ಣ?” ಎಂದ ವೆಂಕಟೇಶ. ಪಕ್ಕದವರು ನಕ್ಕರು.

“ಇರು. ನೋಡ್ಕೊಂಡು ಬಂದು ಹೇಳ್ತೀನಿ.”

“ಮಳೇಲಿ ಎಲ್ಲಿಗೆ ಭಾಯ್,” ಎಂದು ಕೋನಪ್ಪ ಕೈ ಹಿಡಿದ. “ಅವರು ಸುಮ್ನೆ ಅಂದ್ರು. ಕುಡೀರಿ.”

“ಕೇಳಿದಾನಲ್ಲ,” ಎಂದು ದಸ್ತಗಿರ್ ಕೈ ಬಿಡಿಸಿಕೊಂಡ. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಇಳಿದ.

ಪಾರ್ಕಿಗೆ ಅರ್ಧ ಮೈಲಿ. ಅವನು ಬರುವ ಹೊತ್ತಿಗೆ ಮೂರೂವರೆ ದಾಟಿತ್ತು. ಬೆಂಚು ಖಾಲಿ ಇತ್ತು, ಆಟೋ ಹೋಗಿತ್ತು. ಕೋನಪ್ಪ ಲೋಟ ತೊಳೆಯುತ್ತಿದ್ದ. ದಸ್ತಗಿರ್ ಕಂಬ ಹಿಡಿದುಕೊಂಡು, ಕೆಮ್ಮು ನಿಲ್ಲುವ ತನಕ ಕಾದು, ಎದುರಿಗೆ ಯಾರೂ ಇಲ್ಲದ ಬೆಂಚನ್ನೂ ಕೋನಪ್ಪನನ್ನೂ ನೋಡಿದ. ಬಲಗೈ ಅಂಗೈಗೆ ಕೆಸರು ಮೆತ್ತಿತ್ತು.

“ವೆಂಕಟೇಶ ಬಂದ್ರೆ ಹೇಳಪ್ಪ,” ಎಂದ. “ಗೇಟನ್ನ ಯಾರೋ ಕಿತ್ಕೊಂಡು ಹೋಗಿದಾರೆ. ಹಂಗಾಗಿ ತೆಗೆದಿದೆ ಅಂತಾನೇ ಹೇಳ್ಬೇಕು. ಆದರೆ ನೆಲ ಒದ್ದೆ, ಪಾಚಿ ಕಟ್ಟಿದೆ, ಜಾರುತ್ತೆ. ಮಕ್ಕಳು ಬರೋದು ಬೇಡ. ನಾನು ನೋಡಿದ್ದು ಮೂರೂಕಾಲಿಗೆ.”

ಕೋನಪ್ಪ ಆಯ್ತು ಎಂದ. ಹೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ದಸ್ತಗಿರ್ ಇನ್ನೊಂದು ಸಲ, ನಿಧಾನವಾಗಿ, ತೆಲುಗಿನಲ್ಲಿ ಹೇಳಿ, ಮನೆಗೆ ಹೋಗಿ ಮಲಗಿದ.